ಸಹಾಯ ಬೇಕು: ಬ್ಯಾಟರಿ ಉಬ್ಬಿದ ಲ್ಯಾಪ್‌ಟಾಪ್, ಮುಂದಿನ ವಾರ ವಿಮಾನ

ನಮಸ್ಕಾರ. ಗುರುವಾರ ಮಂಗಳೂರಿನಿಂದ ದುಬೈಗೆ ಹೊರಟಿದ್ದೇನೆ. ಕೈಯಲ್ಲಿ ಎರಡು ಲ್ಯಾಪ್‌ಟಾಪ್, ಒಂದು ಆಫೀಸಿನದು, ಇನ್ನೊಂದು ನನ್ನದೇ, ಆರು ವರ್ಷ ಹಳೆಯದು. ಹಳೆಯದರ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ದೋಸೆ ಅಂಚಿನ ಹಾಗೆ ಮೇಲೆದ್ದಿದೆ. ಬ್ಯಾಟರಿ ಮೇಲೆ 48 ವ್ಯಾಟ್ ಅವರ್ (ಅದರ ಸಾಮರ್ಥ್ಯ) ಅಂತ ಬರೆದಿದೆ, ವಿಮಾನದಲ್ಲಿ ಒಯ್ಯಲು ಇರುವ 100ರ ಮಿತಿಯೊಳಗೇ ಇದೆ, ಆದರೆ ಉಬ್ಬಿದ್ದನ್ನು ಕ್ಯಾಬಿನ್‌ಗೂ ಬಿಡಲ್ಲ, ಚೆಕ್-ಇನ್ ಬ್ಯಾಗಿಗೂ ಬಿಡಲ್ಲ, ಅದು ಸರಿಯೇ, ಮೇಲೆ ಬೆಂಕಿ ಹತ್ತಿದರೆ ಗತಿಯೇನು ಅಲ್ವಾ. ರಿಪೇರಿಯವನು ಮಾತ್ರ "ಸುಮ್ನೆ ತಗೊಂಡು ಹೋಗಿ, ಯಾರೂ ನೋಡಲ್ಲ" ಅಂದ!

ಬ್ಯಾಟರಿ ತೆಗೆಸಿ ಬರೀ ಲ್ಯಾಪ್‌ಟಾಪ್ ಒಯ್ದವರು ಯಾರಾದರೂ ಇದ್ದೀರಾ? ಸೆಕ್ಯುರಿಟಿಯಲ್ಲಿ ಆನ್ ಮಾಡಿ ತೋರಿಸಿ ಅಂದರೆ ಏನು ಮಾಡಿದಿರಿ? ಮತ್ತೆ, ಹಂಪನಕಟ್ಟೆ ಕಡೆ ಹಳೆ ಬ್ಯಾಟರಿ ತೆಗೆದುಕೊಳ್ಳುವವರು ಇದ್ದರೆ ತಿಳಿಸಿ, ಕಸದ ಡಬ್ಬಿಗೆ ಎಸೆಯಲು ಭಯ.