ಹಳೇ ಕಡತ, ಓಲೆಗರಿ, ಫೋಟೊ: ಸಂರಕ್ಷಕರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಊರಿನ ಇತಿಹಾಸದ ಹಳೇ ದಾಖಲೆ ಮನೆಯಲ್ಲೋ ಊರ ಲೈಬ್ರರಿಯಲ್ಲೋ ಇದ್ದರೆ ಅದನ್ನು ಉಳಿಸಿಕೊಳ್ಳೋದು ಹೇಗೆ ಅಂತ ಕೇಳಿ. ಪತ್ರಾಗಾರದಲ್ಲಿ ಸಂರಕ್ಷಣೆಯ ಕೆಲಸ ಮಾಡುವ ಮೇಡಂ ಇವತ್ತು ಸಂಜೆ ಉತ್ತರಿಸುತ್ತಾರೆ.

ಗದಗದ ಓದುಗ: ಪುಸ್ತಕದ ಬೀರುವಿಗೆ ನುಸಿಗುಳಿಗೆ ಹಾಕಬಹುದಾ ಮೇಡಂ?

ಸಂರಕ್ಷಕಿ: ಬೇಡ ಸರ್. ಆ ವಾಸನೆ ಮನೆಯವರ ಆರೋಗ್ಯಕ್ಕೆ ಕೆಟ್ಟದ್ದು, ದಿನಾ ತೆರೆದು ಮುಚ್ಚುವ ಬೀರುವಿನಲ್ಲಿ ಹುಳವೂ ಅದರಿಂದ ಸಾಯಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ. ತಿಂಗಳಿಗೊಮ್ಮೆ ಪುಸ್ತಕ ತೆಗೆದು ದೂಳು ಹೊಡೆಯಿರಿ.

ಗ್ರಾಮ ಗ್ರಂಥಾಲಯ: ಹರಿದ ಹಾಳೆಗೆ ಸೆಲ್ಲೋಟೇಪ್?

ಸಂರಕ್ಷಕಿ: ಹಚ್ಚಬೇಡಿ. ಕೆಲವು ವರ್ಷಕ್ಕೆ ಟೇಪ್ ಉದುರುತ್ತದೆ, ಅಂಟು ಮಾತ್ರ ಹಳದಿಯಾಗಿ ಹಾಳೆಯಲ್ಲೇ ಉಳಿಯುತ್ತದೆ. ಹರಿದ ಚೂರನ್ನು ಒಂದು ಕವರಿನಲ್ಲಿ ಹಾಕಿ ಅದೇ ಪುಟದ ಹತ್ತಿರ ಇಡಿ.

ತೀರ್ಥಹಳ್ಳಿ ಕಡೆಯವನು: ಮೇಡಂ, ಅಟ್ಟ ಖಾಲಿ ಮಾಡುವಾಗ ಒಂದು ಪೆಟ್ಟಿಗೆಯಲ್ಲಿ ಕಪ್ಪು ಬಟ್ಟೆಯ ಉದ್ದನೆ ಪುಸ್ತಕ ಸಿಕ್ಕಿದೆ. ಹಿಂದೆ ಮುಂದೆ ಮಡಿಚಿಟ್ಟಿದ್ದಾರೆ, ಒಳಗೆ ಬಿಳಿ ಅಕ್ಷರ. ಅಡಿಕೆ ವ್ಯಾಪಾರದ ಲೆಕ್ಕ ಅಂತ ಅಜ್ಜ ಹೇಳ್ತಿದ್ದರಂತೆ. ದೂಳು ಜಾಸ್ತಿ ಇದೆ, ಅಲ್ಲಲ್ಲಿ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿ ಲ್ಯಾಮಿನೇಷನ್ ಮಾಡಿಸೋಣ ಅಂತಾನೆ ಅಣ್ಣ.

ಸಂರಕ್ಷಕಿ: ಒರೆಸಬೇಡಿ! ಅಣ್ಣನಿಗೆ ಈಗಲೇ ಹೇಳಿ, ಆಮೇಲೆ ಉಳಿದದ್ದು ಓದಿ.

ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿದು, ಒಣಗಿಸಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅಕ್ಷರ ಶಾಯಿಯ ಹಾಗೆ ಒಳಗೆ ಇಳಿದಿರಲ್ಲ, ಮೇಲೆ ಕೂತಿರುತ್ತದೆ ಅಷ್ಟೆ. ಬೇಡವಾದಾಗ ಅಳಿಸಿ ಮತ್ತೆ ಬರೆಯೋಕೆ ಅದೇ ಅನುಕೂಲ. ಒದ್ದೆ ಬಟ್ಟೆ ಒಂದ್ಸಲ ಆಡಿಸಿದರೆ ಹೆಸರು, ಲೆಕ್ಕ, ತಿಥಿ ಎಲ್ಲಾ ಹೋಯಿತು. ನಮ್ಮ ಹತ್ತಿರ ತಂದರೂ ವಾಪಸ್ ಬರಲ್ಲ. ಬ್ರಷ್ಷನ್ನೂ ಹಿಡಿಯಬೇಡಿ, ದೂಳೂ ಬಳಪವೂ ನೋಡೋಕೆ ಒಂದೇ ಥರ ಇರುತ್ತವೆ, ಯಾವುದು ಉದುರುತ್ತಿದೆ ಅಂತ ನಿಮಗೆ ಗೊತ್ತಾಗಲ್ಲ. ಲ್ಯಾಮಿನೇಷನ್ ಅಂದರೆ ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸೋದು, ಮತ್ತೆ ಬಿಡಿಸೋಕೆ ಹೋದರೆ ಅಕ್ಷರವೂ ಪ್ಲಾಸ್ಟಿಕ್ ಜೊತೆಗೇ ಎದ್ದು ಬರುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ಬೂಷ್ಟು ಇದೆ ಅಂದಿರಿ, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬೇರೆ ಪುಸ್ತಕಗಳಿಂದ ದೂರ, ಗಾಳಿಯಾಡುವ ಕೋಣೆಯಲ್ಲಿ, ನೆರಳಿನಲ್ಲಿ ಇಡಿ. ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ ಒಂದೊಂದೇ ಮಡಿಕೆ ಬಿಡಿಸಿ. ಬಿಡದ ಮಡಿಕೆಯನ್ನು ಎಳೆಯಬೇಡಿ, ಅಲ್ಲಿಗೇ ನಿಲ್ಲಿಸಿ. ಅಕ್ಷರದ ಮೇಲೆ ಬೆರಳು ತಾಗಬಾರದು. ಕಿಟಕಿ ಬೆಳಕು ಪಕ್ಕದಿಂದ ಬೀಳುವ ಹಾಗೆ ಇಟ್ಟುಕೊಂಡು, ಫ್ಲ್ಯಾಶ್ ಇಲ್ಲದೆ, ಪ್ರತಿ ಮಡಿಕೆಯದೂ ಎರಡೂ ಕಡೆ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್, ನಂಬರ್ ಬರೆದ ಚೀಟಿ ಇರಲಿ.

ಒಂದು ವಿಷಯ ನೋಡಿ ಹೇಳಿ. ಸಂವತ್ಸರದ ಹೆಸರು ಕಾಣುತ್ತಾ? ಅದು 60 ವರ್ಷಕ್ಕೊಮ್ಮೆ ಮತ್ತೆ ಬರುವುದರಿಂದ ಅದೊಂದೇ ಸಾಲದು. ಶಕವರ್ಷವೂ ಇದ್ದರೆ ಕಾಲ ಗಟ್ಟಿಯಾಗಿ ಹೇಳಬಹುದು. ವರಹ, ಹಣ ಅಂತ ಹಳೇ ನಾಣ್ಯದ ಹೆಸರು, ಮಣ ಅಂತ ತೂಕ ಏನಾದರೂ ಇದೆಯಾ? ಯಾವ ಊರಿನ ಹೆಸರು? ಓದೋಕೆ ಆಗದಿದ್ದರೆ ಮೋಡಿ ಅನ್ನುವ ಹಳೇ ಕೂಡುಬರಹದ ಲಿಪಿಯೂ ಇರಬಹುದು.

ಹಳೇ ನಾಣ್ಯ ಪ್ರಿಯ: ನನ್ನ ಹತ್ತಿರ ಹಳೇ ತಾಮ್ರದ ಕಾಸು ಇದೆ, ಬೆಲೆ ಎಷ್ಟಾಗಬಹುದು?

ಶುಭೋದಯ: *ಫಾರ್ವರ್ಡ್ ಆಗಿ ಬಂದದ್ದು:* ಹಳೇ ಪುಸ್ತಕಕ್ಕೆ ಬೇವಿನೆಣ್ಣೆ, ಅರಿಸಿನ ಸವರಿ ಮೂರು ದಿನ ಬಿಸಿಲಿಗಿಡಿ. ನೂರು ವರ್ಷ ಹುಳ ಮುಟ್ಟಲ್ಲ. ಎಲ್ಲರಿಗೂ ಕಳಿಸಿ.

ಸಂರಕ್ಷಕಿ: ದಯವಿಟ್ಟು ಯಾರೂ ಮಾಡಬೇಡಿ, ಯಾರಿಗೂ ಕಳಿಸಬೇಡಿ. ಎಣ್ಣೆ ಕಾಗದಕ್ಕೆ ಇಳಿದರೆ ತೆಗೆಯೋಕೆ ಆಗಲ್ಲ. ಬಿಸಿಲಿಗೆ ಕಾಗದ ಪೆಡಸಾಗಿ ಮುರಿಯುತ್ತದೆ, ಶಾಯಿ ಮಾಸುತ್ತದೆ. ಹುಳ ನಿಜವಾಗಿ ಇದ್ದರೆ ಒಣಗಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದ ಹಾಗೆ ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಇದು ಪುಸ್ತಕಕ್ಕೆ ಮಾತ್ರ. ಫೋಟೊ, ಓಲೆಗರಿ, ಕಡತಕ್ಕೆ ಅಲ್ಲ.

ಶುಭೋದಯ: ನಮ್ಮ ಹಿರಿಯರು ಓಲೆಗರಿಗೆ ಎಣ್ಣೆ ಹಚ್ಚುತ್ತಿರಲಿಲ್ವಾ? ಅವರೇನು ದಡ್ಡರಾ?

ಸಂರಕ್ಷಕಿ: ಹಚ್ಚುತ್ತಿದ್ದರು. ಓಲೆಗರಿಯಲ್ಲಿ ಅಕ್ಷರವನ್ನು ಕಂಠ ಅನ್ನುವ ಮೊನಚು ಲೋಹದ ಕಡ್ಡಿಯಿಂದ ಕೊರೆದು ಮಸಿ ತುಂಬಿರುತ್ತಾರೆ. ಅಲ್ಲಿ ನಿಂಬೆಹುಲ್ಲಿನ ಎಣ್ಣೆಯನ್ನು ನಾವೂ ಬಳಸುತ್ತೇವೆ, ಗರಿಯ ಸ್ಥಿತಿ ನೋಡಿಕೊಂಡು. ಕಾಗದ ಬೇರೆ, ಗರಿ ಬೇರೆ.

ಹಾಸನ ಹುಡುಗಿ: ಅಜ್ಜಿ ಮದುವೆ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ ಅಕ್ಕಾ, ಬಿಡಿಸೋದು ಹೇಗೆ?

ಸಂರಕ್ಷಕಿ: ಬಿಡಿಸಬೇಡಿ ಅಮ್ಮ, ಚಿತ್ರ ಗಾಜಿನಲ್ಲೇ ಉಳಿದು ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, 600 ಡಿಪಿಐನಲ್ಲಿ.

ಬೆಳಗಾವಿ ಮಾಸ್ತರ್: 2019ರ ನೆರೆಯಲ್ಲಿ ನಮ್ಮ ಸಾಲಿ ರಿಜಿಸ್ಟರು ತೊಯ್ದು ಗಟ್ಟಿ ಆಗ್ಯಾವ. ಬಿಚ್ಚೂದು ಹ್ಯಾಂಗ್ರಿ?

ಪುಸ್ತಕ ಪ್ರೇಮಿ: ಇಂಥದ್ದನ್ನೆಲ್ಲ ಸರ್ಕಾರದ ಪತ್ರಾಗಾರಕ್ಕೆ ಕೊಟ್ಟುಬಿಡಬೇಕು. ಮನೆಯಲ್ಲಿ ಇಟ್ಟುಕೊಂಡು ಕೊಳೆಸೋದು ಯಾಕೆ? ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು 1905ರಲ್ಲಿ ತಂಜಾವೂರಿನ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟದ್ದಕ್ಕೇ ಅಲ್ಲಿನ ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿತು, 1909ರಲ್ಲಿ ಅಚ್ಚಾಯಿತು.

ಮಲೆನಾಡ ಮಣ್ಣು: ಶೃಂಗೇರಿ ಮಠದ ಕಡತಗಳು ಮಠದಲ್ಲೇ ಉಳಿದವು ಅಲ್ವಾ? ಟಿಪ್ಪು ಬರೆದ ಪತ್ರಗಳೂ ಅಲ್ಲೇ ಇದ್ದವು, 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ನರಸಿಂಹಾಚಾರ್ಯರು ಅಲ್ಲಿಗೇ ಹೋಗಿ ನೋಡಿದರು. ಊರಿನದ್ದು ಊರಲ್ಲೇ ಇರಲಿ. ಕೊಟ್ಟ ಮೇಲೆ ನಮಗೇ ನೋಡೋಕೆ ಹತ್ತು ಅರ್ಜಿ ಹಾಕಬೇಕು.

ಪುಸ್ತಕ ಪ್ರೇಮಿ: ಮಠಕ್ಕೂ ನಿಮ್ಮ ಅಟ್ಟಕ್ಕೂ ವ್ಯತ್ಯಾಸ ಇಲ್ವಾ? ಗೆದ್ದಲು ತಿಂದ ಮೇಲೆ ಊರಿಗೆ ಏನು ಉಳಿಯುತ್ತೆ?

ಮಲೆನಾಡ ಮಣ್ಣು: ಬೆಂಗಳೂರಲ್ಲಿ ಕೂತು ಹೇಳೋದು ಸುಲಭ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಸಂರಕ್ಷಕಿ: ಮೂಲ ಯಾರ ಮನೆಯಲ್ಲಾದರೂ ಇರಲಿ, ಮೊದಲು ಫೋಟೊ ಪ್ರತಿ ಮಾಡಿ ಎರಡು ಕಡೆ ಇಡಿ. ಯಾರಿಗಾದರೂ ಕೊಡುವುದಾದರೆ ಬರಹದಲ್ಲಿ ರಸೀದಿ ತಗೊಳ್ಳಿ, ನೋಡುವ ಹಕ್ಕು ನಿಮಗಿದೆ ಅಂತ ಅದರಲ್ಲಿ ಬರೆಸಿ.

ಶುಭೋದಯ: ನುಸಿಗುಳಿಗೆ ಬದಲು ಕರ್ಪೂರ ಆಗುತ್ತಾ?

ಸಂರಕ್ಷಕಿ: ಇಲ್ಲ.

ಕೋಲಾರದವರು: ಆಸ್ತಿ ಪತ್ರ ಲ್ಯಾಮಿನೇಷನ್ ಮಾಡಿಸಬಹುದಾ?

ಸಂರಕ್ಷಕಿ: ಮೇಲೆ ಬರೆದಿದ್ದೇನೆ. ಬೇಡ.

ಶುಭೋದಯ: ಒಂದೊಂದೇ ಪದದಲ್ಲಿ ಉತ್ತರ ಕೊಡೋದಾದರೆ ಯಾಕೆ ಬಂದಿರಿ?

ಸಂರಕ್ಷಕಿ: ನೀವು ಕಳಿಸಿದ ಮೆಸೇಜ್ ನೋಡಿ ಒಬ್ಬರು ಎಣ್ಣೆ ಸವರಿದರೂ ಒಂದು ಊರಿನ ದಾಖಲೆ ಹೋಗುತ್ತದೆ. ಮೊದಲು ಅದನ್ನು ಅಳಿಸಿ.

ತೀರ್ಥಹಳ್ಳಿ ಕಡೆಯವನು: ಮೇಡಂ, ತಡವಾಯಿತು. ಅಣ್ಣ ಆಗಲೇ ಒಂದು ಮಡಿಕೆ ಒರೆಸಿದ್ದಾನೆ. ಉಳಿದದ್ದು ಹಾಗೇ ಇದೆ. ಮೂರನೇ ಮಡಿಕೆಯಲ್ಲಿ ‘ವಿಕ್ರಮ ಸಂವತ್ಸರ’ ಅಂತ ಓದೋಕೆ ಆಗುತ್ತೆ, ಪಕ್ಕದಲ್ಲಿ ಅಂಕಿ ಇದೆ.

ಸಂರಕ್ಷಕಿ: ಒರೆಸಿದ ಮಡಿಕೆ ಪೂರ್ತಿ ಒಣಗುವವರೆಗೆ ಮಡಿಚಬೇಡಿ, ಪಕ್ಕದ ಮಡಿಕೆಗೆ ಅಂಟಿಕೊಳ್ಳುತ್ತದೆ. ಫ್ಯಾನ್ ನೇರವಾಗಿ ಬೇಡ. ಒಣಗಿದ ಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು ಫೋಟೊ ತೆಗೆಯಿರಿ. ಬಳಪದ ಗೀರು ಉಳಿದಿದ್ದರೆ ಆ ಓರೆ ಬೆಳಕಿನಲ್ಲಿ ಕಾಣಬಹುದು. ಮೂರನೇ ಮಡಿಕೆಯ ಅಂಕಿಯ ಫೋಟೊ ಇವತ್ತು ರಾತ್ರಿಯೇ ಕಳಿಸಿ, ಕಾಯುತ್ತಿರುತ್ತೇನೆ.