ಕಿಂಗ್ ದಿನದ ರಜೆ: ಮಕ್ಕಳ ಜೊತೆ ಏನು ಮಾಡ್ತೀರಿ?

ಪ್ರಶ್ನೆ: ಜನವರಿಯ ಮೂರನೇ ಸೋಮವಾರ, ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ದಿನ, ಶಾಲೆಗೆ ರಜೆ. ಅಮೆರಿಕಕ್ಕೆ ಬಂದ ಮೇಲೆ ನಮಗಿದು ಮೊದಲ ಸಲ. ಮಕ್ಕಳಿಗೆ 6 ಮತ್ತು 10 ವರ್ಷ. ಅವತ್ತು ಸೇವೆ ಮಾಡಬೇಕು ಅಂತಾರೆ. ಇಷ್ಟು ಚಿಕ್ಕವರನ್ನು ಕಟ್ಟಿಕೊಂಡು ಏನು ಮಾಡೋದು? ಏನು ಓದಿಸೋದು?

ನ್ಯೂಜೆರ್ಸಿಯಿಂದ: ಹೌದು, 1994ರಲ್ಲಿ ಕಾನೂನು ಮಾಡಿಯೇ ಇದನ್ನು ಸೇವೆಯ ದಿನ ಅಂತ ಮಾಡಿದ್ದಾರೆ. ಬಡವರಿಗೆ ದಿನಸಿ ಹಂಚುವ ಫುಡ್ ಬ್ಯಾಂಕ್‌ಗೆ ಹೋಗುವ ಯೋಚನೆ ಇದ್ದರೆ ಮೊದಲು ಫೋನ್ ಮಾಡಿ ವಯಸ್ಸು ಕೇಳಿ, ಗೋದಾಮಿನ ಕೆಲಸಕ್ಕೆ 6 ವರ್ಷದವರನ್ನು ಎಷ್ಟೋ ಕಡೆ ಸೇರಿಸುವುದಿಲ್ಲ, ಅವತ್ತಿನ ಜಾಗಗಳೂ ಬೇಗ ತುಂಬಿಬಿಡುತ್ತವೆ. ನಾವು ಪುಸ್ತಕ ಕೊಡುತ್ತೇವೆ. ಯಾವುದು ಕೊಡಬೇಕು ಅಂತ ಮಕ್ಕಳೇ ಆರಿಸಬೇಕು, ಅದಕ್ಕೆ ಜಗಳವೂ ಆಗುತ್ತದೆ, ಆಗಲಿ. ಹರಿದದ್ದು, ಗೀಚಿದ್ದು ಮಾತ್ರ ಕೊಡಬೇಡಿ. ಅದು ದಾನ ಅಲ್ಲ, ನಮ್ಮ ಮನೆ ಕಸ. ಇನ್ನೊಂದು, ಸೋಮವಾರ ಲೈಬ್ರರಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಓದೋದಕ್ಕೆ ಬೇಕಾದ್ದನ್ನು ಶನಿವಾರವೇ ತಂದಿಟ್ಟುಕೊಳ್ಳಿ.

ಅಟ್ಲಾಂಟಾ ಕಡೆಯಿಂದ: ಚಿಕ್ಕವರಿಗೆ ರೂಬಿ ಬ್ರಿಡ್ಜಸ್ ಕಥೆ ಓದಿ. 1960ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 6 ವರ್ಷದ ಆ ಕಪ್ಪು ಹುಡುಗಿಯನ್ನು ಬಿಳಿಯರ ಶಾಲೆಗೆ ಕೇಂದ್ರ ಸರ್ಕಾರದ ಮಾರ್ಷಲ್‌ಗಳ ಕಾವಲಲ್ಲಿ ಕರೆದುಕೊಂಡು ಹೋಗಬೇಕಾಯಿತು, ಬೇರೆ ಮಕ್ಕಳನ್ನು ಆ ತರಗತಿಗೆ ಕಳಿಸಲೇ ಇಲ್ಲ, ಒಬ್ಬಳನ್ನೇ ಕೂರಿಸಿಕೊಂಡು ಟೀಚರ್ ಪಾಠ ಮಾಡಿದರು. ನಿಮ್ಮ ಮಗುವಿಗೆ ಇದು ತಟ್ಟನೆ ಅರ್ಥವಾಗುತ್ತದೆ. ದೊಡ್ಡವರಿಗೆ ಅಲಬಾಮಾದ ಮಾಂಟ್‌ಗೊಮರಿ ಬಸ್ ಬಹಿಷ್ಕಾರ. ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕು ಅನ್ನೋದರ ವಿರುದ್ಧ 381 ದಿನ ಕಪ್ಪು ಜನ ಬಸ್ ಹತ್ತದೆ ನಡೆದರು, ಕಾರು ಹಂಚಿಕೊಂಡರು. ಸೀಟು ಬಿಡದೆ ಬಂಧನವಾಗಿ ಇದಕ್ಕೆ ಕಾರಣರಾದ ರೋಸಾ ಪಾರ್ಕ್ಸ್‌ಗಿಂತ ಮುಂಚೆಯೇ, 1955ರ ಮಾರ್ಚ್‌ನಲ್ಲಿ, 15ರ ಕ್ಲಾಡೆಟ್ ಕಾಲ್ವಿನ್ ಸೀಟು ಬಿಟ್ಟು ಏಳಲಿಲ್ಲ. ಕಿಂಗ್ ಒಬ್ಬರೇ ಬಂದು ಭಾಷಣ ಮಾಡಿ ಎಲ್ಲ ಸರಿ ಮಾಡಿದರು ಅನ್ನೋ ಹಾಗೆ ಮಾತ್ರ ಹೇಳಬೇಡಿ, ಶಾಲೆಯಲ್ಲಿ ಅದು ಜಾಸ್ತಿ ಆಗುತ್ತದೆ.

ಡಲ್ಲಾಸ್‌ನಿಂದ: ನಾನು 1959ರಿಂದ ಶುರು ಮಾಡುತ್ತೇನೆ. ಕಿಂಗ್ ದಂಪತಿ ಆ ವರ್ಷ ಭಾರತಕ್ಕೆ ಬಂದಿದ್ದರು. ಕೇರಳದ ಒಂದು ಶಾಲೆಯಲ್ಲಿ ಹೆಡ್‌ಮಾಸ್ಟರು ದಲಿತ ಮಕ್ಕಳಿಗೆ ಕಿಂಗ್ ಅವರನ್ನು ಅಮೆರಿಕದ ಅಸ್ಪೃಶ್ಯ ಅಂತ ಪರಿಚಯಿಸಿದರಂತೆ. ಮೊದಲು ಬೇಜಾರಾಯಿತು, ಆಮೇಲೆ ಹೌದಲ್ಲ ಅನ್ನಿಸಿತು ಅಂತ ಕಿಂಗ್ 1965ರಲ್ಲಿ ತಾವೇ ಹೇಳಿದರು. ಇದನ್ನು ಕೇಳಿದ ಮಗಳು, ನಮ್ಮೂರಲ್ಲೂ ಹೀಗಿತ್ತಾ ಅಂದಳು. ಇತ್ತು, ಈಗಲೂ ಇದೆ ಅಂದೆ. ಊರ ಬಾವಿ, ಹೋಟೆಲಿನ ಬೇರೆ ಲೋಟ, ಎಲ್ಲ ಹೇಳಿದೆ. ಇದನ್ನು ಬಿಟ್ಟು ಬರೀ ಅವರ ದೇಶದ ತಪ್ಪು ಹೇಳಿದರೆ ಏನು ಬಂತು, ಅಲ್ವಾ?

ಮಿಷಿಗನ್‌ನಿಂದ: ಮೇಲಿನವರು ಲೈಬ್ರರಿ ಅಂದರಲ್ಲ, ಮಕ್ಕಳ ಹೆಸರಲ್ಲಿ ಕಾರ್ಡ್ ಮಾಡಿಸದಿದ್ದರೆ ಈ ಶನಿವಾರವೇ ಮಾಡಿಸಿ. ಕಿಂಗ್ ಜೊತೆಗಾರ ಜಾನ್ ಲೂಯಿಸ್ 1956ರಲ್ಲಿ, 16ರ ಹುಡುಗ, ಅಲಬಾಮಾದಲ್ಲಿ ಕಾರ್ಡ್ ಕೇಳಿದರೆ ಬಿಳಿಯರಿಗೆ ಮಾತ್ರ ಅಂದರು. ಅದೇ ಲೈಬ್ರರಿ 1998ರಲ್ಲಿ ಕರೆದು ಕಾರ್ಡ್ ಕೊಟ್ಟಿತು, ಅಷ್ಟರಲ್ಲಿ ಅವರು ಸಂಸದ! ಕೌಂಟರ್ ಮುಂದೆ ನಿಂತಾಗ ಇದನ್ನು ಹೇಳಿ. ವಿಳಾಸದ ಪುರಾವೆಗೆ ಕರೆಂಟ್ ಬಿಲ್ಲೋ ಬಾಡಿಗೆ ಕರಾರೋ ಕೇಳಬಹುದು, ಜೊತೆಯಲ್ಲಿರಲಿ.