230ರ ಲ್ಯಾಂಪೋ, 240ರದ್ದೋ? ಬಲ್ಲವರು ತಿಳಿಸಿ

ಪ್ರಶ್ನೆ: ರಂಗಮಂದಿರದ ಪಾರ್ 64 ಲ್ಯಾಂಪುಗಳು (ವೇದಿಕೆಗೆ ಬೆಳಕು ಚೆಲ್ಲುವ ಹ್ಯಾಲೊಜನ್ ಲ್ಯಾಂಪು, 1000 ವ್ಯಾಟ್) ಬೇಗ ಬೇಗ ಹೋಗುತ್ತಿವೆ. ಅವುಗಳ ಮೇಲೆ 230 ವೋಲ್ಟ್ ಎಂದಿದೆ, ಪ್ಯಾನೆಲ್‌ನಲ್ಲಿ 242 ಬರುತ್ತಿದೆ. 240ರದ್ದು ತರಿಸಲೇ? 120 ವೋಲ್ಟಿನವೂ ಒಂದಷ್ಟಿವೆ, ಡಿಮ್ಮರ್ (ಬೆಳಕು ಏರಿಳಿಸುವ ಸಾಧನ) ಅರ್ಧಕ್ಕಿಟ್ಟು ಉರಿಸಬಹುದೇ?

ಉತ್ತರ: ಪ್ಯಾನೆಲ್ಲಿನ 242 ನೋಡಿ ಆರ್ಡರ್ ಕೊಡಬೇಡಿ ಸರ್. ಲ್ಯಾಂಪಿಗೆ ಎಷ್ಟು ತಲುಪುತ್ತದೆ ಅನ್ನುವುದೇ ಲೆಕ್ಕ. ಲೈಟಿನ ಪ್ಲಗ್ ಕೂರುವ ಕಡೆ ಟ್ವಿನ್ ಅಡಾಪ್ಟರ್ ಹಾಕಿ, ಒಂದರಲ್ಲಿ ಲೈಟ್, ಇನ್ನೊಂದರಲ್ಲಿ ಟ್ರೂ ಆರ್‌ಎಂಎಸ್ ಮೀಟರ್ (ಡಿಮ್ಮರ್ ಕತ್ತರಿಸಿದ ಅಲೆಯನ್ನೂ ಸರಿಯಾಗಿ ಅಳೆಯುವ ವೋಲ್ಟ್ ಮೀಟರ್). ಫೇಡರ್ (ಡಿಮ್ಮರನ್ನು ಏರಿಳಿಸುವ ಜಾರುಗುಂಡಿ) ಪೂರ್ತಿ ಮೇಲೆ, ಉಳಿದ ಚಾನೆಲ್‌ಗಳೂ ಉರಿಯುತ್ತಿರಲಿ. ಡಿಮ್ಮರ್ ಒಂದೆರಡು ವೋಲ್ಟ್ ತಿನ್ನುತ್ತದೆ. 2.5 ಚದರ ಮಿಮೀ ತಾಮ್ರದ ಕೇಬಲ್ 30 ಮೀಟರ್ ಇದ್ದು, ಎರಡು ಪಾರ್ ಸೇರಿ 8.5 ಆಂಪ್ ಎಳೆದರೆ ಇನ್ನೂ ಸುಮಾರು 4 ವೋಲ್ಟ್ ಹೋಯಿತು. ಹಾಗಾಗಿ ಲ್ಯಾಂಪಿಗೆ ಸಿಗುವುದು 236ರ ಆಸುಪಾಸು. ಅಷ್ಟಕ್ಕೆ 240ರದ್ದೇ ಸರಿ: ಬೆಳಕು 5–6% ಕಡಿಮೆ, ಆಯುಸ್ಸು ಹೆಚ್ಚು. ವೋಲ್ಟೇಜ್ 5% ಏರಿದರೆ ಹ್ಯಾಲೊಜನ್ ಲ್ಯಾಂಪಿನ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಒಂದೇ ಸಾಲಿನಲ್ಲಿ 230, 240 ಬೆರೆಸಬೇಡಿ. ನಟರ ಮುಖದ ಮೇಲೆ ಒಂದು ಕಡೆ ಬೆಳಕು ಮಂಕಾಗಿ, ತುಸು ಹಳದಿಯಾಗಿ ಬೀಳುತ್ತದೆ.

ಉತ್ತರ: 120ರದ್ದನ್ನು ಡಿಮ್ಮರ್ ನಂಬಿ ಹಾಕಲೇಬೇಡಿ. ಫೇಸ್ ಕತ್ತರಿಸುವ (ಅಂದರೆ ವಿದ್ಯುತ್ ಅಲೆಯ ಒಂದಷ್ಟು ಭಾಗ ತಡೆದು ಬೆಳಕು ಇಳಿಸುವ) ಡಿಮ್ಮರ್ ಪ್ರತಿ ಅರ್ಧ ಆವರ್ತದ ನಟ್ಟನಡುವೆ ಆನ್ ಆದರೂ 240ರಲ್ಲಿ ಸಿಗುವುದು 120 ಅಲ್ಲ, 170 ವೋಲ್ಟ್. ಡಿಮ್ಮರ್ ಕೆಟ್ಟು ಪೂರ್ತಿ ಬಿಟ್ಟರೆ ಆ ಕ್ಷಣವೇ ಲ್ಯಾಂಪ್ ಹೋಯಿತು. ಎರಡನ್ನು ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಕಟ್ಟಿ, ಅದೇ ದಾರಿ. ಆದರೆ ಎರಡೂ ಒಂದೇ ವ್ಯಾಟ್ ಇರಬೇಕು. 500 ಮತ್ತು 1000 ಜೋಡಿಸಿದರೆ 500ರದ್ದು 160 ವೋಲ್ಟಿಗೂ ಹೆಚ್ಚು ಹೊತ್ತು ಕಣ್ಣು ಕುಕ್ಕುತ್ತದೆ, 1000ದ್ದು 80ಕ್ಕೂ ಕಡಿಮೆಯಲ್ಲಿ ಕೆಂಪಗೆ ಉರಿಯುತ್ತದೆ. 500ರದ್ದು ಹೆಚ್ಚು ಹೊತ್ತು ಬಾಳುವುದಿಲ್ಲ, ಅದು ಹೋದರೆ ಇನ್ನೊಂದೂ ಆರುತ್ತದೆ.

ಹಳೆ ಲ್ಯಾಂಪ್ ಬಿಚ್ಚಿದಾಗ ಹೋಲ್ಡರನ್ನೂ ನೋಡಿ. ಪಿನ್ ಕಪ್ಪಾಗಿ ಗುಳಿಬಿದ್ದಿದ್ದರೆ ಹೋಲ್ಡರ್ ಸಡಿಲ ಎಂದರ್ಥ. ಅದನ್ನು ಬದಲಿಸದೆ ಹೊಸ ಲ್ಯಾಂಪ್ ಹಾಕಿದರೆ ಅದರ ಪಿನ್ನೂ ಸುಡುತ್ತದೆ.

ಪ್ರಶ್ನೆ ಕೇಳಿದವರು: ಒಂದು ವಿಷಯ ಬಿಟ್ಟಿದ್ದೆ. ಬಲಬದಿಯವೇ ಹೆಚ್ಚು ಹೋಗುತ್ತಿವೆ, ಅವು ಬೇರೆ ಫೇಸಿನಲ್ಲಿವೆ (ಮೂರು ಫೇಸಿನ ಸರಬರಾಜಿನ ಇನ್ನೊಂದು ಲೈನು).

ಉತ್ತರ: ಹಾಗಾದರೆ ಲ್ಯಾಂಪ್ ಆಮೇಲೆ, ಮೊದಲು ನ್ಯೂಟ್ರಲ್ (ಮೂರೂ ಫೇಸಿಗೆ ಸೇರಿ ಇರುವ ಮರಳು ತಂತಿ). ಉಳಿದೆರಡು ಫೇಸಿನ ಫೇಡರ್‌ಗಳನ್ನು ನಿಧಾನಕ್ಕೆ ಏರಿಸುತ್ತಾ ಪ್ಯಾನೆಲ್‌ನಲ್ಲಿ ಬಲಬದಿಯ ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಅಳೆಯಿರಿ. ಅಲ್ಲಿ 242 ಇದ್ದದ್ದು 255, 260ರತ್ತ ಏರಿ, ಲೋಡ್ ಬಿದ್ದ ಫೇಸುಗಳಲ್ಲಿ ಇಳಿದರೆ ನ್ಯೂಟ್ರಲ್ ಸಡಿಲವಾಗಿದೆ. ತಕ್ಷಣ ಎಲ್ಲ ಇಳಿಸಿ ಮೇನ್ ಆಫ್ ಮಾಡಿ. ಅದು ಪೂರ್ತಿ ಕಳಚಿದರೆ ಕಡಿಮೆ ಲೋಡಿನ ಫೇಸಿಗೆ 400ರ ಹತ್ತಿರ ನುಗ್ಗಿ ಲ್ಯಾಂಪ್ ಅಷ್ಟೇ ಅಲ್ಲ, ಕನ್ಸೋಲೂ (ಲೈಟ್ ನಿಯಂತ್ರಿಸುವ ಮೇಜು) ಹೋಗಬಹುದು. ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ನ್ಯೂಟ್ರಲ್ ಬಾರಿನ ಪ್ರತಿ ಸ್ಕ್ರೂ ಬಿಗಿ ಮಾಡಿಸಿ. ಬಣ್ಣ ಕೆಟ್ಟ ಲಗ್ (ತಂತಿಯ ತುದಿಗೆ ಹಾಕುವ ಲೋಹದ ತುಂಡು) ಇದ್ದರೆ ಕತ್ತರಿಸಿ ಹೊಸದು ಹಾಕಿಸಿ. ಮೂರೂ ಫೇಸನ್ನು ಲೋಡಿನಲ್ಲಿ ಮತ್ತೆ ಅಳೆದ ಮೇಲೆ 240ರ ಆರ್ಡರ್ ಕೊಡಿ.